ಹಗಲು ಮಲಗಿದವನ ಗುಟ್ಟು

ಈಗ ನಾನು ರಾತ್ರಿ ಹತ್ತಕ್ಕೆ ದಿಂಬಿಗೆ ತಲೆ ಕೊಟ್ಟರೆ ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಇಷ್ಟು ಸಾಧಾರಣ ಮಾತನ್ನು ಬರೆಯುವ ಹಂತಕ್ಕೆ ಬರಲು ನನಗೆ ನಾಲ್ಕು ವರ್ಷ ಹಿಡಿಯಿತು. ಇದರ ಜೊತೆಗೆ ಇನ್ನೊಂದು ಮಾತೂ ಇದೆ. ಅದನ್ನು ಗಂಡಸರು ಹೆಂಡತಿಗೂ ಹೇಳುವುದಿಲ್ಲ. ಡಾಕ್ಟರ ಮುಂದೆ ಕೂತಾಗಲೂ "ನಮ್ಮ ದೋಸ್ತಗ ಹಿಂಗಾಗೈತ್ರಿ" ಎನ್ನುತ್ತಾರೆ. ನಾನೂ ಹಾಗೆಯೇ ಶುರು ಮಾಡಿದೆ. ಆ ದೋಸ್ತ ನಾನೇ.

ನನ್ನ ಹೆಸರು ಜಿನೇಂದ್ರ, ವಯಸ್ಸು ನಲವತ್ತೇಳು. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಹನ್ನೊಂದು ವರ್ಷ ರಾತ್ರಿ ಪಾಳಿಯಲ್ಲಿ ಕುಲುಮೆ ನೋಡಿಕೊಂಡವನು. ಕರಗಿದ ಕಬ್ಬಿಣದ ಬಣ್ಣ ನೋಡಿ, ಶಾಖದ ಮೀಟರು ಹೇಳುವ ಮೊದಲೇ "ಇನ್ನ ಹೊಯ್ರಿ" ಎನ್ನುವುದು ನನ್ನ ಕೆಲಸ. ನಾನು ಹೇಳಿದ ಮೇಲೆ ಯಾರೂ ಮೀಟರು ನೋಡುತ್ತಿರಲಿಲ್ಲ. ಆ ಹೆಮ್ಮೆ ಎಷ್ಟಿತ್ತೆಂದರೆ, ಹಗಲು ಪಾಳಿಗೆ ಬಾ ಎಂದು ಎರಡು ಸಲ ಕರೆದರೂ ನಾನೇ ಒಲ್ಲೆ ಎಂದಿದ್ದೆ.

ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲ. ಆಗ ನನ್ನದು ಹಗಲು ಕೆಲಸ. ಹೆಂಡತಿ ಸುನಂದಾ ಖಾನಾಪುರದವಳು, ಶಿಕ್ಷಕಿ ತರಬೇತಿ ಮುಗಿಯುವ ತನಕ ತವರಿನಲ್ಲೇ ಇದ್ದಳು. ನಾನು ಶನಿವಾರ ಸಂಜೆಯ ರೈಲು ಹಿಡಿದು ಹೋಗುತ್ತಿದ್ದೆ. ನನ್ನ ಮಾವ ಹಂಚಿನ ಕಾರ್ಖಾನೆಯಲ್ಲಿ ಹಂಚು ಸುಡುವ ಭಟ್ಟಿಯ ಮೇಸ್ತ್ರಿ. ನಮ್ಮದು ಜೈನ ಮನೆತನ, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಹಾಗಾಗಿ ಅತ್ತೆ ತಟ್ಟೆ ಇಟ್ಟುಕೊಂಡು ಪಡುವಣ ದಿಕ್ಕನ್ನೇ ನೋಡುತ್ತ ನಿಂತಿರುತ್ತಿದ್ದರು. ರೈಲು ದಾರಿಯ ದೇಸೂರು ಸ್ಟೇಷನ್ನಿನಲ್ಲಿ ಎದುರಿನ ಗಾಡಿಗೆ ಕಾದು ನಿಂತಿತೆಂದರೆ ನನಗೆ ಆ ರಾತ್ರಿ ಬರೀ ಹಾಲು, ಬಾಳೆಹಣ್ಣು. ಬೇಸರವಿರಲಿಲ್ಲ. ಹಿಂದಿನ ಕೋಣೆಯಲ್ಲಿ ಸುನಂದಾ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿರುತ್ತಿದ್ದಳು. ಆ ದಿನಗಳಲ್ಲಿ ಮೈ ಎನ್ನುವುದು ಹೇಳದೆಯೇ ಕೇಳುವ ಸ್ನೇಹಿತನ ಹಾಗಿತ್ತು. ಅದಕ್ಕೂ ಒಂದು ದಿನ ದಣಿವಾಗುತ್ತದೆ ಎಂದು ಯಾರು ಎಣಿಸಿದ್ದರು?

ರಾತ್ರಿ ಪಾಳಿಯ ಮೊದಲ ಐದಾರು ವರ್ಷ ಏನೂ ಆಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ಅನಗೋಳದ ಮನೆಗೆ ಬಂದು, ಸ್ನಾನ ಮಾಡಿ ಬಿದ್ದರೆ ಮೂರಕ್ಕೆ ಏಳುತ್ತಿದ್ದೆ. ಆಮೇಲೆ ನಿದ್ದೆ ಮೂರು ತಾಸಿಗೆ ಇಳಿಯಿತು, ನಂತರ ಎರಡಕ್ಕೆ. ಮೇಲಿನ ಮನೆಯ ಕುಕ್ಕರಿನ ಸೀಟಿ, ಮೆಂತ್ಯೆ ಮಾರುವವಳ ಕೂಗು, ಗ್ಯಾಸಿನ ಗಾಡಿಯ ಹಾಡು. ಕಿಟಕಿಗೆ ಕಂಬಳಿ ಹೊಡೆದೆ. ಆಗ ಸೆಖೆ. ಕೊನೆಗೆ ಔಷಧಿ ಅಂಗಡಿಯವನೊಬ್ಬ ಗುಳಿಗೆ ಕೊಟ್ಟ.

"ಇದು ನಶಾ ಅಲ್ರಿ. ಕತ್ತಲಾದ ಮ್ಯಾಲ ನಮ್ಮ ಮೈಯಾಗ ತಾನಾಗೇ ಹುಟ್ಟೂ ನಿದ್ದಿ ಹಾರ್ಮೋನ್. ಅದನ್ನೇ ಗುಳಿಗಿ ಮಾಡ್ಯಾರ" ಎಂದ.

ಒಂದು ತೆಗೆದುಕೊಂಡೆ. ಸಾಲದಾದಾಗ ಎರಡು. ಕೆಲವು ದಿನ ಬೆಳಿಗ್ಗೆ, ಕೆಲವು ದಿನ ಮಧ್ಯಾಹ್ನ, ರಜೆಯಿದ್ದರೆ ರಾತ್ರಿ. ಡಾಕ್ಟರನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ.

ಅದೇ ಹೊತ್ತಿಗೆ ಹಾಸಿಗೆಯಲ್ಲಿ ಮೈಯೂ ಕೈಕೊಟ್ಟಿತು. ಮೊದಲ ಸಲ ದಣಿವು ಎಂದುಕೊಂಡೆ. ಎರಡನೆಯ ಸಲ ಸುನಂದಾಳೇ "ಇರ್ಲಿ ಬಿಡ್ರಿ, ಮಕ್ಕೊರ್ರಿ" ಎಂದು ತಲೆ ಸವರಿದಳು. ಆ ಸವರುವಿಕೆ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ನಾಲ್ಕನೆಯ ಸಲ ಬರಬಾರದೆಂದು ನಾನು ಪಡಸಾಲೆಯ ಕಾಟಿನ ಮೇಲೆ ಮಲಗತೊಡಗಿದೆ. ಮಗಳು ಶ್ರುತಿ ಕೇಳಿದಾಗ "ಒಳಗ ಬೆಳಕು ಬರ್ತೈತವಾ" ಎಂದೆ. ಪಡಸಾಲೆಯಲ್ಲಿ ಅದಕ್ಕಿಂತ ಹೆಚ್ಚು ಬೆಳಕಿತ್ತು.

ಬಯಕೆಯೇ ಹೋಗಿತ್ತು. ಇದು ಹೇಳಿದರೆ ತಿಳಿಯುವಂಥದ್ದಲ್ಲ. ಹಸಿವಿಲ್ಲದವನ ಮುಂದೆ ಹೋಳಿಗೆ ಇಟ್ಟಂತೆ. ಸುನಂದಾ ಹೊಸ ಸೀರೆ ಉಟ್ಟು ಎದುರು ನಿಂತರೆ ಅವಳು ಚಂದ ಕಾಣುತ್ತಾಳೆ ಎಂದು ಗೊತ್ತಾಗುತ್ತಿತ್ತು. ಅಷ್ಟೇ. ಒಂದು ಮಧ್ಯಾಹ್ನ ಕನ್ನಡಿಯ ಮುಂದೆ ಬಿಳಿಗೂದಲು ಕೀಳುತ್ತ, ನನ್ನ ಕಡೆ ನೋಡದೆ ಕೇಳಿದಳು:

"ನಾ ಮುದುಕಿ ಆದ್ನೇನ್ರಿ?"

"ಹುಚ್ಚಿ, ಏನರ ಮಾತಾಡ್ತಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಅವತ್ತು ನಾನು ಕೊಡಬೇಕಿದ್ದ ಉತ್ತರ ಅದಾಗಿರಲಿಲ್ಲ.

ಫೌಂಡ್ರಿಯಲ್ಲಿ ನನ್ನ ಜೊತೆಗಾರ ಮೆಹಬೂಬ. ಅವನಿಗೂ ಬಿಡಿಸಿ ಹೇಳಲಿಲ್ಲ, ಗುಳಿಗೆ ಡಬ್ಬಿ ನೋಡಿ ಅವನೇ ಅಂದ: "ಇದನ್ನ ತಗೋಬ್ಯಾಡೋ ಮಾರಾಯಾ. ಹಾರ್ಮೋನ್ ಗುಳಿಗಿ ತಿಂದ್ರ ಗಂಡಸ್ತನ ಹೋಗ್ತೈತಿ ಅಂತಾರ." ಕಳ್ಳ ಸಿಕ್ಕ ಎಂದುಕೊಂಡೆ. ಡಬ್ಬಿಯನ್ನು ಅಲ್ಲೇ ಕುಲುಮೆಗೆ ಎಸೆದೆ. ಮುಂದಿನ ನಾಲ್ಕು ದಿನ ಒಂದು ತಾಸೂ ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಐದನೆಯ ದಿನ ಪಾಳಿ ಮುಗಿಯುವ ಹೊತ್ತಿಗೆ, ಹೊಯ್ಯಲು ತಂದ ಕಬ್ಬಿಣದ ಎದುರು ನಿಂತಲ್ಲೇ ತೂಕಡಿಸಿಬಿಟ್ಟೆ. ಮೆಹಬೂಬ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದ. ಇಬ್ಬರೂ ಮರಳಿನ ಮೇಲೆ ಬಿದ್ದೆವು.

"ಸತ್ತಿದ್ದಿ ನೀ" ಎಂದ. "ಏನಾಗೈತಿ ಖರೇ ಹೇಳು. ನನಗ ಬ್ಯಾಡ, ಡಾಕ್ಟರ್‌ಗರ ಹೇಳು."

ಹೀಗೆ ನಾನು ಆಸ್ಪತ್ರೆಗೆ ಹೋದೆ. ಮನೆಯಲ್ಲಿ ಕುಲುಮೆಯ ಬಿಡಿಭಾಗ ತರಲು ಹೋಗುತ್ತೇನೆ ಎಂದಿದ್ದೆ.

ಆ ಕಾಯುವ ಕೋಣೆ ಈಗಲೂ ಕಣ್ಣಿಗೆ ಕಟ್ಟಿದೆ. ಒಂದೇ ಕೋಣೆಯ ಎರಡೂ ಬದಿಗೆ ಎರಡು ಬಾಗಿಲು: ಒಂದು ಮೂತ್ರರೋಗದ ಡಾಕ್ಟರರದು, ಇನ್ನೊಂದು ಹಾರ್ಮೋನಿನ ಡಾಕ್ಟರರದು. ಎಲ್ಲ ಗಂಡಸರೂ ಒಬ್ಬರ ಮುಖ ಒಬ್ಬರು ನೋಡದೆ, ಫೈಲುಗಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಿದ್ದರು. ನನ್ನ ಎದುರು ಒಬ್ಬರು ಪೇಪರನ್ನು ಮುಖಕ್ಕೆ ಹಿಡಿದು ಕೂತಿದ್ದರು. ಬಹಳ ಹೊತ್ತಾದರೂ ಪುಟ ತಿರುಗಲಿಲ್ಲ. ಪೇಪರಿನ ಕೆಳಗೆ ಕಾಣುತ್ತಿದ್ದ ಚಪ್ಪಲಿಯ ಮೇಲೆ ಕೆಂಪು ಹಂಚಿನ ಧೂಳು. ಆ ಪಾದಗಳಿಗೆ ನಾನು ಹಬ್ಬಹಬ್ಬಕ್ಕೂ ನಮಸ್ಕಾರ ಮಾಡಿದ್ದೆ.

ಏಳಲೋ ಬೇಡವೋ ಎಂದು ನೋಡುತ್ತಿರುವಾಗಲೇ ನರ್ಸ್ ಅವರ ಹೆಸರು ಕೂಗಿದಳು. ಪೇಪರು ಇಳಿಯಿತು. ನನ್ನ ಮಾವ.

"ಕಿಡ್ನಿ ಸ್ಟೋನ್" ಎಂದರು, ನಾನು ಕೇಳುವ ಮೊದಲೇ.

"ನಂದೂ" ಎಂದೆ.

ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನನ್ನ ಹೆಸರೂ ಬಂತು, ಇನ್ನೊಂದು ಬಾಗಿಲಿಗೆ. ಒಳಗೆ ಡಾಕ್ಟರು ಹೆಣ್ಣುಮಗಳು, ನನ್ನ ವಯಸ್ಸಿನವರು. ಓಡಿಹೋಗೋಣ ಅನ್ನಿಸಿತು. "ನಮ್ಮ ದೋಸ್ತಗ..." ಎಂದು ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಸ್ವಲ್ಪವೂ ನಗದೆ, "ನಿಮ್ಮ ದೋಸ್ತರು ನಿದ್ದಿ ಹೆಂಗ ಮಾಡ್ತಾರ?" ಎಂದರು.

"ನಾ ಕೇಳಾಕ ಬಂದದ್ದು ಅದಲ್ರೀ."

"ನೀವು ಕೇಳಿದ್ದಕ್ಕ ಉತ್ತರಾನೇ ಹುಡುಕಾಕತ್ತೀನಿ. ಹೇಳ್ರಿ."

ಹೇಳಿದೆ. ಹನ್ನೊಂದು ವರ್ಷ, ಕಂಬಳಿ, ಗುಳಿಗೆ, ಮರಳಿನ ಮೇಲೆ ಬಿದ್ದದ್ದು. ದೋಸ್ತ ಎಲ್ಲಿ ಕಳೆದುಹೋದನೋ, ಯಾವಾಗ 'ನಾನು' ಎನ್ನತೊಡಗಿದೆನೋ ತಿಳಿಯಲಿಲ್ಲ. ಅವರು ರಕ್ತ ಪರೀಕ್ಷೆ ಬರೆದರು. ಎರಡು ದಿನ ರಜೆ ಹಾಕಿ, ರಾತ್ರಿ ಮಲಗಿ, ಬೆಳಿಗ್ಗೆಯೇ ಬಂದು ರಕ್ತ ಕೊಡಬೇಕು ಎಂದರು.

ವರದಿ ಬಂದಾಗ ಗಂಡಸಿನ ಹಾರ್ಮೋನು ಕಡಿಮೆಯಿತ್ತು. ಸಕ್ಕರೆ, ಹೃದಯ ಎಲ್ಲ ನೋಡಿದರು; ಅಲ್ಲಿ ದೋಷವಿರಲಿಲ್ಲ. "ಗುಳಿಗಿ ನಿಮ್ಮ ಗಂಡಸ್ತನ ಕಸ್ಕೊಂಡಿಲ್ರಿ. ಆದ್ರ ಮನಸಿಗೆ ಬಂದಾಗ ನುಂಗಿದ್ರ ಮೈಗೆ ಹಗಲ ಯಾವುದು, ರಾತ್ರಿ ಯಾವುದು ತಿಳೀವಲ್ದು" ಎಂದರು. "ಗಂಡಸಿನ ಹಾರ್ಮೋನ್ನ ಮೈ ತಯಾರ ಮಾಡೂದು ನಿದ್ದ್ಯಾಗ. ನೀವು ನಿದ್ದೀನೇ ಕೊಡಲಿಲ್ಲ ಅಂದ್ರ ಅದು ಎಲ್ಲಿಂದ ತರಬೇಕು? ಮುಂದಿನ ಸಲ ಮನಿಯವರನ್ನ ಕರ್ಕೊಂಡು ಬರ್ರಿ." ಚುಚ್ಚುಮದ್ದು ಬರೆದು ಕಳಿಸುತ್ತಾರೆ ಎಂದುಕೊಂಡಿದ್ದ ನನಗೆ ಆ ಕೊನೆಯ ಮಾತೇ ಎಲ್ಲಕ್ಕಿಂತ ದೊಡ್ಡ ಚುಚ್ಚುಮದ್ದಾಯಿತು.

ಆದರೆ ಅದು ವಾರದ ನಂತರದ ಮಾತು. ಮೊದಲ ದಿನ ನಾನು ಹೊರಗೆ ಬಂದಾಗ ಮಾವ ಗೇಟಿನ ಹತ್ತಿರ ಕಾಯುತ್ತಿದ್ದರು.

"ಬರ್ರಿ ಅಳಿಯಂದ್ರ, ಕೋಟೆ ಬಸದಿಗೆ ಹೋಗೂಣು. ಮನ್ಯಾಗ ಬಸದಿಗೆ ಹೊಂಟೀನಿ ಅಂತ ಹೇಳಿ ಬಂದೀನಿ, ಸುಳ್ಳಾಗಬಾರದು" ಎಂದರು.

ಆಟೋ ಹಿಡಿದೆವು. ಕೋಟೆಯೊಳಗಿನ ಕಮಲ ಬಸದಿಯಲ್ಲಿ ಕೈ ಮುಗಿದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಮಾವ ಚಪ್ಪಲಿಯ ಧೂಳು ಒರೆಸುತ್ತ ಶುರು ಮಾಡಿದರು.

"ನಂದು ಸ್ಟೋನ್ ಅಲ್ಲ. ಏಳು ವರ್ಷದ ಹಿಂದ ಪ್ರೊಸ್ಟೇಟ್ ಆಪರೇಷನ್ ಆತಲ್ಲ, ಅದರ ತಪಾಸಣಿ. ಆಪರೇಷನ್ ಆದ ಮ್ಯಾಲ ಆ ಸುಖ ಮುಗೀತು. ಡಾಕ್ಟರ್ ಮೊದಲ ಹೇಳಿದ್ರು, ಹಿಂಗಾಗಬಹುದು ಅಂತ. ನಾ ನಿಮ್ಮತ್ತಿಗೆ ಹೇಳಲಿಲ್ಲ."

ಅವರು ಇನ್ನೊಂದು ಚಪ್ಪಲಿ ಎತ್ತಿಕೊಂಡರು.

"ಅಕಿ ಬಾಜು ಬಂದು ಕುಂತ್ರ ನಾ ಎದ್ದು ಹೊರಗ ಹೋಗತಿದ್ದೆ. ಭಟ್ಟಿ ನೋಡಬೇಕು ಅಂತಿದ್ದೆ. ಎರಡು ವರ್ಷ ಹಿಂಗ. ಆಮ್ಯಾಲ ಅಕಿ ತೀರ್ಕೊಂಡ್ಲು. ಇವರಿಗೆ ನಾ ಬ್ಯಾಸರಾಗೀನಿ ಅಂತ ತಿಳ್ಕೊಂಡೇ ಹೋದ್ಲು." ಚಪ್ಪಲಿ ಕೆಳಗಿಟ್ಟು ಹೇಳಿದರು: "ನೀವು ಯಾಕ ಬಂದೀರಿ, ನಾ ಕೇಳೂದಿಲ್ಲ. ಆದ್ರ ಸುನಂದಾಗ ಹೇಳ್ರಿ. ನನ್ನ ಮಾತು ಅಕಿ ಮುಂದ ಆಡಬ್ಯಾಡ್ರಿ."

ಇಪ್ಪತ್ತು ವರ್ಷಗಳ ಸಂಬಂಧದಲ್ಲಿ ನಾವು ಮಳೆ, ಹಂಚಿನ ಮಣ್ಣು, ರೈಲಿನ ವೇಳೆ ಬಿಟ್ಟು ಬೇರೆ ಮಾತಾಡಿದವರಲ್ಲ. ಅವತ್ತು ಆ ಮನುಷ್ಯ ತನ್ನ ಎದೆಯನ್ನು ಬಿಚ್ಚಿ ನನ್ನ ಮುಂದೆ ಇಟ್ಟಿದ್ದ. "ಹೂಂ ರೀ, ಹೇಳ್ತೀನಿ" ಎಂದೆ.

ವರದಿ ಕೈಗೆ ಬಂದ ಮೇಲಿನ ಭಾನುವಾರ ಸುನಂದಾಳನ್ನು ಕರೆದುಕೊಂಡು ಖಾನಾಪುರಕ್ಕೆ ಹೋದೆ. ಮಾವ ಈಗ ಕಿರಿಯ ಮಗನ ಸಂಸಾರದ ಜೊತೆ ಇದ್ದಾರೆ, ಮನೆ ತುಂಬ ಮೊಮ್ಮಕ್ಕಳ ಗದ್ದಲ. ಅಲ್ಲಿ ಮಾತಾಡಲು ಸಾಧ್ಯವಿರಲಿಲ್ಲ. ಮಲಪ್ರಭೆಯ ದಂಡೆಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಕೆಳಗೆ ಯಾರೋ ಮರಾಠಿಯಲ್ಲಿ ಜಗಳವಾಡುತ್ತ ಎಮ್ಮೆ ತೊಳೆಯುತ್ತಿದ್ದರು. ನಾನು ವರದಿಯನ್ನು ಅವಳ ಕೈಗೆ ಕೊಟ್ಟೆ. ಮಾತು ಆಮೇಲೆ ಬಂತು, ತುಂಡುತುಂಡಾಗಿ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಿಗೆದ್ದಳು.

"ಮೂರು ವರ್ಷ! ಮೂರು ವರ್ಷ ನಾ ಏನೇನು ತಿಳ್ಕೊಂಡೀನಿ ಗೊತ್ತೇನ್ರಿ? ನಿಮ್ಮ ಫೋನ್ ಕದ್ದು ನೋಡೀನಿ. ಒಂದಿನ ಮುಂಜಾನೆ ಫೌಂಡ್ರಿ ಮುಂದ ಆಟೋದಾಗ ಕುಂತು ನೋಡೀನಿ, ಯಾರ ಜೋಡಿ ಹೊರಗ ಬರ್ತೀರಿ ಅಂತ."

"ಯಾರ ಜೋಡಿ ಬಂದೆ?"

"ಮೆಹಬೂಬಣ್ಣನ ಜೋಡಿ. ಇಬ್ರೂ ಬನ್ ತಿಂದು ಚಹಾ ಕುಡದ್ರಿ."

ನನಗೆ ನಗು ಬಂತು. ಅವಳಿಗೂ ಬಂತು, ಅದರ ಹಿಂದೆಯೇ ಅಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ನದಿಯ ಕಡೆ ನೋಡುತ್ತ ಒಂದು ಮಾತು ಹೇಳಿದಳು.

"ನಮ್ಮವ್ವನೂ ಹಿಂಗ ಬಾಯಿ ಮುಚ್ಕೊಂಡೇ ಹೋದ್ಲು. ಅಪ್ಪನ ಆಪರೇಷನ್ ಮೊದಲ ಡಾಕ್ಟರ್ ಅವ್ವಗೂ ಎಲ್ಲಾ ಹೇಳಿದ್ರಂತ. ಅಕಿ ನನ್ನ ಮುಂದ ಅಂದಿದ್ಲು, ನಾ ಕೇಳಿದ್ರ ಅವರಿಗೆ ನಾಚಿಕಿ ಆಗ್ತೈತಿ, ಸುಮ್ನ ಬಾಜು ಕುಂದರ್ತೀನಿ ಅಂತ. ನಾ ಹಂಗ ಸುಮ್ನ ಕುಂದ್ರಾಕಿ ಅಲ್ಲ, ತಿಳೀತಿಲ್ಲೋ?"

ನನಗೆ ಕೂತ ಮೆಟ್ಟಿಲೇ ಜಾರಿದಂತಾಯಿತು. ಅತ್ತೆಗೆ ಗೊತ್ತಿತ್ತು. ಮಾವನಿಗೆ ಅದು ಗೊತ್ತಿಲ್ಲ. ಈ ಎರಡನ್ನೂ ಬಲ್ಲವನು ನಾನೊಬ್ಬ. ಮನೆಗೆ ಮರಳಿದಾಗ ಮಾವ ಮೊಮ್ಮಗಳಿಗೆ ಪೆನ್ಸಿಲ್ ಕೆತ್ತಿ ಕೊಡುತ್ತಿದ್ದರು. ನನ್ನ ಮುಖ ನೋಡಿ, ಹೇಳಿದಿರಾ ಎಂಬಂತೆ ಹುಬ್ಬು ಎತ್ತಿದರು. ಹೌದೆಂದು ತಲೆಯಾಡಿಸಿದೆ. ಅವರ ಮುಖ ಅರಳಿತು. ಅತ್ತೆಗೆ ಗೊತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಅವರ ಗುಟ್ಟು ಮಗಳಿಗೂ ಗೊತ್ತು ಎಂದು ಬಯಲಾಗುತ್ತದಲ್ಲ. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಎಂದು ಎಂಟು ತಿಂಗಳು ಕಳೆದೆ.

ಆ ಎಂಟು ತಿಂಗಳು ನನ್ನ ಚಿಕಿತ್ಸೆಯ ಕಾಲ. ಡಾಕ್ಟರು ಸುನಂದಾಳನ್ನು ಎದುರು ಕೂರಿಸಿ ಎಲ್ಲ ಹೇಳಿದರು. ರಾತ್ರಿ ಪಾಳಿ ಬಿಡಬೇಕು. ಕುಲುಮೆ ಬಿಡುವುದೆಂದರೆ ನನಗೆ ಅರ್ಧ ನಾನೇ ಹೋದಂತೆ. ತಯಾರಾದ ಸಾಮಾನು ತಪಾಸಣೆ ಮಾಡುವ ಹಗಲು ಕೆಲಸ ಕೊಟ್ಟರು. ಮೊದಲ ವಾರ ಮೆಹಬೂಬ ಒಮ್ಮೆಯಾದರೂ ಕಬ್ಬಿಣದ ಬಣ್ಣ ನೋಡಲು ನನ್ನನ್ನು ಕರೆಯುತ್ತಾನೆ ಎಂದು ಕಾದೆ. ಬರಲಿಲ್ಲ. ಅವನಿಗೂ ಬಣ್ಣ ತಿಳಿಯುತ್ತಿತ್ತು. ಅದನ್ನು ಒಪ್ಪಿಕೊಳ್ಳಲು ಗುಳಿಗೆ ಇರಲಿಲ್ಲ.

ಹಳೆಯ ಮನೆಯ ರೀತಿಗಳು ಹಿಂದಿರುಗಿದವು. ಬೆಳಕಿರುವಾಗಲೇ ಊಟ. ಆಮೇಲೆ ಮೂವರೂ ಅನಗೋಳದ ಕೆರೆಯ ತನಕ ನಡಿಗೆ. ಎರಡು ತಿಂಗಳು ಅದೇ ನಿದ್ದೆಯ ಗುಳಿಗೆಯನ್ನು, ಈ ಸಲ ಸಣ್ಣದು, ದಿನವೂ ಒಂದೇ ಹೊತ್ತಿಗೆ ಡಾಕ್ಟರು ಕೊಟ್ಟರು; ಆಮೇಲೆ ನಿಲ್ಲಿಸಿದರು. ನಾನು ಕಾಟು ಬಿಟ್ಟು ಒಳಕೋಣೆಗೆ ಬಂದೆ. ಆದರೆ ಡಾಕ್ಟರ ಇನ್ನೊಂದು ಆಜ್ಞೆಯಿತ್ತು: ಒಂದೂವರೆ ತಿಂಗಳು ಏನೂ ಪ್ರಯತ್ನ ಮಾಡಬಾರದು, ಸುಮ್ಮನೆ ಜೊತೆಗೆ ಮಲಗಬೇಕು. ಪರೀಕ್ಷೆಯೇ ಇಲ್ಲ ಎಂದ ಮೇಲೆ ನಪಾಸಾಗುವ ಭಯವೂ ಇಲ್ಲ. ನಾವು ಮಾತಾಡಿದೆವು. ಶನಿವಾರದ ರೈಲು, ತಪ್ಪಿದ ಊಟ, ಅವಳ ಮೊದಲ ಶಾಲೆ, ಶ್ರುತಿ ಹುಟ್ಟುವ ಮೊದಲು ಕಳೆದುಹೋದ ಮಗು. ಆ ಮಗುವಿನ ಬಗ್ಗೆ ನಾವು ಅದಕ್ಕಿಂತ ಮೊದಲು ಮಾತಾಡಿರಲೇ ಇಲ್ಲ. ಮಾತಿನ ನಡುವೆಯೇ ನನಗೆ ನಿದ್ದೆ ಬಂದುಬಿಡುತ್ತಿತ್ತು. "ನಾ ಗ್ವಾಡಿಗೆ ಹೇಳಾಕತ್ತೀನೇನ್ರಿ?" ಎಂದು ಅವಳು ಗೋಡೆ ತಟ್ಟಿ ಬೈಯುವುದು ದೂರದಿಂದ ಕೇಳುತ್ತಿತ್ತು.

ಮೂರು ತಿಂಗಳಾದರೂ ಇನ್ನೇನೂ ಬದಲಾಗಲಿಲ್ಲ. ಚುಚ್ಚುಮದ್ದು ಕೊಡಿ ಎಂದು ಡಾಕ್ಟರನ್ನು ಬೇಡಿದೆ. "ನಿದ್ದಿ ಬಂದೈತಿ, ಅದೂ ಬರ್ತೈತಿ. ಬರದಿದ್ರ ನಾ ಇಲ್ಲೇ ಅದೀನಿ" ಎಂದರು. ಐದನೆಯ ತಿಂಗಳ ಒಂದು ಬೆಳಗು, ಅಲಾರಾಂ ಹೊಡೆಯುವ ಮೊದಲೇ ಎಚ್ಚರವಾಯಿತು. ಹೊರಗೆ ಹಾಲಿನವನ ಸೈಕಲ್ಲಿನ ಸದ್ದು. ಮೈ ಬೆಚ್ಚಗೆ, ತನ್ನ ಪಾಡಿಗೆ ತಾನು ಎದ್ದಿತ್ತು. ಎಷ್ಟೋ ವರ್ಷದ ಮೇಲೆ ಊರಿಗೆ ಬಂದವನನ್ನು ಬಾಗಿಲಲ್ಲಿ ಕಂಡಂತಾಯಿತು. ಸುನಂದಾಳನ್ನು ಎಬ್ಬಿಸಲೋ ಬೇಡವೋ ಎಂದು ಯೋಚಿಸುತ್ತಿರುವಾಗ, ಅವಳು ಕಣ್ಣು ಮುಚ್ಚಿಕೊಂಡೇ "ಎಚ್ಚರ ಅದೀನ್ರಿ" ಎಂದಳು.

ಇಪ್ಪತ್ತೈದರ ಮೈ ಮರಳಿತೆಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಕೆಲವು ಸಲ ಆಗುವುದಿಲ್ಲ. ಆದರೆ ಆಗದಿದ್ದಾಗ ನಾನು ಕಾಟಿಗೆ ಓಡುವುದಿಲ್ಲ. ಎರಡನೆಯ ವರದಿಯಲ್ಲಿ ಹಾರ್ಮೋನು ಸಾಕಷ್ಟು ಏರಿತ್ತು. ಡಾಕ್ಟರು ಫೈಲು ಮುಚ್ಚಿ "ಇನ್ನ ಆರು ತಿಂಗಳಿಗೆ ಬರ್ರಿ" ಎಂದಾಗ, ನನಗೆ ಸುಖಕ್ಕಿಂತ ಮೊದಲು ನೆನಪಾದದ್ದು ಮಾವ.

ಅಲ್ಲಿಂದ ನೇರ ಖಾನಾಪುರದ ಬಸ್ಸು ಹತ್ತಿದೆ. ಮಾವ ಹಂಚಿನ ಕಾರ್ಖಾನೆಯ ಅಂಗಳದಲ್ಲಿ ಹುಣಸೆಮರದ ಕೆಳಗೆ ಕೂತಿದ್ದರು. ಕೆಲಸದಿಂದ ನಿವೃತ್ತರಾದರೂ ಭಟ್ಟಿ ನೋಡಲು ದಿನವೂ ಹೋಗುತ್ತಾರೆ. ಸಂಜೆಯ ಬಿಸಿಲು ಒಟ್ಟಿದ ಹಂಚುಗಳ ಮೇಲಿತ್ತು. ಕೂತವನೇ ಹೇಳಿಬಿಟ್ಟೆ. ಸುತ್ತಿಬಳಸಿದರೆ ಮತ್ತೆ ಎಂಟು ತಿಂಗಳು ಹೋಗುತ್ತದೆಂದು ಗೊತ್ತಿತ್ತು.

"ಅತ್ತೆಯವರಿಗೆ ಎಲ್ಲಾ ಗೊತ್ತಿತ್ರಿ. ಆಪರೇಷನ್ ಮೊದಲಿಂದ. ಡಾಕ್ಟರ್ ಅವರಿಗೂ ಹೇಳಿದ್ರಂತ. ಸುನಂದಾನ ಮುಂದ ಅತ್ತೆಯವರು ಅಂದಿದ್ರಂತ. ನಾ ನಿಮ್ಮ ಮಾತು ಆಡಿಲ್ಲ, ಅಕೀನೇ ಹೇಳಿದ್ಲು."

ಮಾವ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು.

"ಸಿಟ್ಟಿತ್ತೇನು ಅಕಿಗೆ?"

"ಇಲ್ರಿ. ನಿಮಗ ನಾಚಿಕಿ ಆಗಬಾರದು ಅಂತ ಸುಮ್ನಿದ್ರಂತ."

"ನಿಮಗ ಯಾವಾಗಿಂದ ಗೊತ್ತು ಇದು?"

"ಎಂಟು ತಿಂಗಳಾತ್ರಿ. ಹೇಳಾಕ ಹೆದರಿಕಿ ಆತು."

ಬೈಯುತ್ತಾರೆ ಎಂದು ಕಾದೆ. ಭಟ್ಟಿಯ ಕಡೆಯಿಂದ ಯಾರೋ ಕರೆದರೂ ಅವರು ತಿರುಗಲಿಲ್ಲ. ಆಮೇಲೆ ಮೆಲ್ಲಗೆ "ರತ್ನಾ" ಎಂದರು.

ನನಗೆ ಮೊದಲು ತಿಳಿಯಲಿಲ್ಲ. ಅತ್ತೆಯ ಹೆಸರದು. ಇಷ್ಟು ವರ್ಷಗಳಲ್ಲಿ ಅವರು ಆ ಹೆಸರು ಹಿಡಿದದ್ದನ್ನು ನಾನು ಕೇಳಿರಲಿಲ್ಲ. ಯಾವಾಗಲೂ 'ನಿಮ್ಮತ್ತಿ', ಇಲ್ಲವೇ 'ಸುನಂದಾನ ಅವ್ವ'.

"ರತ್ನಾ ಲಗ್ನಾಗಿ ಬಂದಾಗ ಕನ್ನಡಾ ಬರ್ತಿರಲಿಲ್ಲ" ಎಂದು ಶುರು ಮಾಡಿದರು. "ನಂಗ ಮರಾಠಿ ಅಷ್ಟಕ್ಕಷ್ಟ. ಮೊದಲ ಆರು ತಿಂಗಳ ನಾವು ಬರೇ ನಗತಿದ್ವಿ..." ಹೇಳುತ್ತಲೇ ಹೋದರು. ಬೆಳಗಾವಿಯ ಬಸ್ಸು ರಸ್ತೆಯಲ್ಲಿ ಬಂದು, ಹಾರನ್ ಹೊಡೆದು, ಹೋಯಿತು. ಇನ್ನೊಂದೂ ಹೋಯಿತು. ನಾನು ಏಳಲಿಲ್ಲ.